ಮಹಾನಂದಾಳ ಗಾಡಿಯ ಮಿಸ್ಸಿಂಗ್

ಮೊರಬದ ಮಹಾನಂದಾ ಕಾರು ತಂದ ದಿನ ಊರಿನ ಅರ್ಧ ಜನ ನೋಡಲು ಬಂದರು. ಉಳಿದರ್ಧ ಜನ ನೋಡಿದವರ ಬಾಯಿಂದ ಕೇಳಿ ಮನೆಯಲ್ಲೇ ಕೂತು ಹೊಟ್ಟೆ ಉರಿಸಿಕೊಂಡರು. ಅಲ್ಲ, ರೊಟ್ಟಿ ಬಡಿದು ಹುಬ್ಬಳ್ಳಿಯ ಹಾಸ್ಟೆಲ್ಲುಗಳಿಗೆ ಒಯ್ದು ಕೊಡುವ ಹೆಂಗಸಿಗೆ ಇಷ್ಟುದ್ದದ ಬಿಳಿ ಕಾರು ಯಾಕೆ ಬೇಕು? ಬಾಜೂಮನೆಯ ಲಕ್ಷ್ಮವ್ವ ಕೇಳಿಯೂ ಬಿಟ್ಟಳು: "ರೊಟ್ಟಿ ಒಯ್ಯಾಕ ಟಂಟಂ ಆಟೋ ಸಾಲೂದಿಲ್ಲೇನವಾ?"

"ರೊಟ್ಟಿಗೆ ಸಾಲ್ತೈತಿ. ನನಗ ಸಾಲೂದಿಲ್ಲ," ಎಂದಳು ಮಹಾನಂದಾ. ಲಕ್ಷ್ಮವ್ವ ಸೆರಗು ಝಾಡಿಸಿಕೊಂಡು ಹೋದಳು.

ಗಂಡ ತೀರಿಕೊಂಡು ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಹನ್ನೆರಡು ಹೆಂಗಸರನ್ನು ಜೊತೆಗೆ ಕಟ್ಟಿಕೊಂಡು ರೊಟ್ಟಿಯ ಕೆಲಸ ಬೆಳೆಸಿದ್ದಳು, ಡ್ರೈವಿಂಗ್ ಕಲಿತಿದ್ದಳು, ನಾಲ್ಕು ವರ್ಷ ಓಡಿದ ಗಾಡಿಯನ್ನು ತಾನೇ ನೋಡಿ ಆರಿಸಿದ್ದಳು. ಒಂದೇ ಒಂದು ಕಡೆ ಸೋತಿದ್ದಳು. ಗಾಡಿಯ ಕಾಗದ ಅವಳ ಹೆಸರಿನಲ್ಲಿರಲಿಲ್ಲ. "ಮನೀಗೆ ಹಿರ್ಯಾ ಅಂತ ನಾ ಇರೂಮುಂದ ಹೆಣ್ಣಮಕ್ಕಳ ಹೆಸರಿಗೆ ಯಾಕ?" ಎಂದು ಭಾವ ಮಡಿವಾಳೆಪ್ಪ ತಾನೇ ಸಹಿ ಹಾಕಿದ್ದ. ರೊಕ್ಕ ಅವಳದು, ಹೆಸರು ಅವನದು! ಆ ದಿನ ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದದ್ದಕ್ಕೆ ತನ್ನ ಮೇಲೆ ತನಗೇ ಇವತ್ತಿಗೂ ಸಿಟ್ಟು.

ಮನೆಯಲ್ಲಿ ಅವಳ ಪರವಾಗಿ ಇದ್ದವಳು ಅತ್ತೆ ಅನ್ನವ್ವ ಒಬ್ಬಳೇ. ಕಾರು ಬಂದ ದಿನ ಹಿಂದಿನ ಬಾಗಿಲು ತೆರೆದು "ಬರ್ರಿ ಅತ್ತಿ" ಎಂದರೆ, ಆ ಎಪ್ಪತ್ತೆಂಟರ ಮುದುಕಿ ಕೋಲೂರಿಕೊಂಡು ಗಾಡಿ ಸುತ್ತಿ ಬಂದು ಮುಂದಿನ ಬಾಗಿಲು ಬಡಿದಳು. "ಇದನ್ನ ತಗೀ. ನಾ ಮುಂದ ಕುಂಡ್ರಾಕಿ." ಅವತ್ತಿನಿಂದ ಕಾರೆಂದರೆ ಮುದುಕಿಗೆ ಜೀವ. ಪ್ರತಿ ಅಮಾವಾಸ್ಯೆಗೆ ಮನೆಯ ಟ್ರ್ಯಾಕ್ಟರ್, ಬೈಕು, ಕಾರು ಮೂರನ್ನೂ ತೊಳೆದು, ಬಾನೆಟ್ ಎತ್ತಿಟ್ಟು, ಪೂಜೆ ಮಾಡಿ ಕಾಯಿ ಒಡೆಯುವುದು ಆ ಮನೆಯ ಪದ್ಧತಿ. ಪೂಜೆ ಮಾತ್ರ ಅನ್ನವ್ವನೇ ಮಾಡಬೇಕು, ಇನ್ನೊಬ್ಬರು ಕೈ ಹಚ್ಚುವ ಹಾಗಿಲ್ಲ.

ಮೂರು ತಿಂಗಳಿಂದ ಗಾಡಿಗೆ ರೋಗ ಹಿಡಿದಿತ್ತು. ಹುಬ್ಬಳ್ಳಿಯ ನೆಟ್ಟನೆ ರಸ್ತೆಯಲ್ಲಿ ಹಾಯಾಗಿ ಹೋಗುವಾಗ ಇದ್ದಕ್ಕಿದ್ದಂತೆ ಜಗ್ಗಿ ಜಗ್ಗಿ ನಡುಗುತ್ತಿತ್ತು, ಹಳದಿ ದೀಪ ಮಿಣುಕುತ್ತಿತ್ತು. ಹುಬ್ಬಳ್ಳಿಯ ಸರ್ವಿಸ್ ಸೆಂಟರಿನವರು ಪ್ಲಗ್ ಬದಲಿಸಿದರು, ಕಾಯಿಲ್ ಬದಲಿಸಿದರು. ಕಡೆಗೆ ಇಂಜಿನ್ನಿನ ಮೇಲಿನ ಭಾಗವನ್ನೇ ಪೂರ್ತಿ ಬದಲಿಸಬೇಕೆಂದರು. ಅಷ್ಟಕ್ಕೇ ಬಿಟ್ಟರೆ? ಕತ್ತಿಗೆ ಕಾರ್ಡು ತೂಗುಬಿಟ್ಟುಕೊಂಡಿದ್ದ ಒಬ್ಬ ಹುಡುಗ ಮಡಿವಾಳೆಪ್ಪನ ಎದುರಿಗೇ ಹಲ್ಲು ಕಿರಿದು, "ಮೇಡಮ್ಮವರು ಓಡಿಸೋ ರೀತಿನೂ ನೋಡ್ಕೋಬೇಕು ಸಾರ್," ಎಂದ.

ಮಡಿವಾಳೆಪ್ಪನಿಗೆ ಅಷ್ಟೇ ಸಾಕಿತ್ತು. ಸಂಜೆ ಮನೆಯ ಕಟ್ಟೆಯ ಮೇಲೆ, ಕೇಳಲಿ ಎಂದೇ ದನಿ ಎತ್ತರಿಸಿ ಹೇಳಿದ: "ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು. ಅಣ್ಣಿಗೇರಿಯ ಸುಭಾಸ ತಗೋತೀನಿ ಅಂದಾನ. ಅಮಾಸಿ ದಿನ ಪೂಜಿ ಮುಗಿದ ಕೂಡ್ಲೆ ಬಂದು ಒಯ್ತಾನ."

"ಅಮಾಸಿಗೆ ಇನ್ನ ಹತ್ತು ದಿನ ಐತಿ, ಭಾವಾರ," ಎಂದಳು ಮಹಾನಂದಾ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು, ಹಾಗೆಯೇ ಹೊರಗೆ ಬಂದಿದ್ದಳು. "ಅಷ್ಟರಾಗ ಗಾಡಿ ನೆಟ್ಟಗಾದ್ರ?"

"ಆದ್ರ ಇಟಗೋ. ಆಗಲಿಲ್ಲಂದ್ರ ಚಾವಿ ತಂದು ಇಲ್ಲೆ ಇಡಬೇಕು."

"ಇಡತೀನಿ. ಆದ್ರ ನೆಟ್ಟಗಾತು ಅಂದ್ರ, ನಾ ಗಾಡಿ ಹೊಡ್ಯೂದರ ಮ್ಯಾಲೆ ನೀವು ಜೀವ ಇರೂಮಟ ಒಂದ ಮಾತು ಎತ್ತಬಾರದು. ಊರಾಗ ಎಲ್ಲೂ ಎತ್ತಬಾರದು."

ಒಳಗಿನಿಂದ ಅನ್ನವ್ವ "ಭಲೇ!" ಎಂದಳು. ಮಡಿವಾಳೆಪ್ಪ ಕೇಳದವನಂತೆ ಅಡಿಕೆ ಕತ್ತರಿಸುತ್ತ ಕೂತ.

ಮರುದಿನ ಬೆಳಿಗ್ಗೆ ಅವಳು ಗಾಡಿಯನ್ನು ನವಲಗುಂದದ ಶಾಕೀರನ ಗ್ಯಾರೇಜಿಗೆ ತಂದಳು. ಶಾಕೀರ್ ಐವತ್ತರ ಮನುಷ್ಯ. ಎಂಥ ಗಾಡಿಯಾದರೂ ಮೊದಲು ಅದನ್ನು ಓಡಿಸುವವರ ಮಾತು ಕೇಳುತ್ತಾನೆ, ಆಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಾನೆ. ಅವನಿಗೆ ಹೆಸರು ಬಂದದ್ದೇ ಅದರಿಂದ.

"ಯಾವಾಗ ಜಗ್ತೈತ್ರಿ ಅಕ್ಕಾರ?"

ಮಹಾನಂದಾ ಮೂರು ತಿಂಗಳಿಂದ ಈ ಪ್ರಶ್ನೆಗಾಗಿ ಕಾದಿದ್ದಳು. ಸರ್ವಿಸ್ ಸೆಂಟರಿನಲ್ಲಿ ಒಬ್ಬನೂ ಕೇಳಿರಲಿಲ್ಲ. "ಏರು ಹತ್ತೂಮುಂದ ಜಗ್ಗೂದಿಲ್ಲ. ಜೋರು ಹೊಡದ್ರ ಜಗ್ಗೂದಿಲ್ಲ. ಅರವತ್ತು ಎಪ್ಪತ್ತರ ಮ್ಯಾಲೆ ಕಾಲು ಹಗೂರ ಇಟ್ಟು ಹೊಂಟಾಗ, ಮುಂದ ಒಂದು ಹಸರ ಗುರುತು ಬರ್ತೈತಲ್ಲ, ಅದು ಬಂತಂದ್ರ ಜಗ್ತೈತಿ. ಗೇರ್ ಇಳಿಸಿ ಅದನ್ನ ಬರಗೊಡಲಿಲ್ಲಂದ್ರ ಹುಬ್ಬಳ್ಳಿತನಾ ಒಂದ ಸಲಾನೂ ಇಲ್ಲ. ನಾಕ ಸಲ ನೋಡೀನಿ."

ಶಾಕೀರ್ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟ. "ಅರ್ಧ ರಿಪೇರಿ ನೀವ ಮಾಡಿಕೊಂಡು ಬಂದೀರಿ!"

ಆಮೇಲೆ ಬಿಡಿಸಿ ಹೇಳಿದ. ಈ ಗಾಡಿಗೆ ನಾಲ್ಕು ಸಿಲಿಂಡರ್. ಹೆಚ್ಚು ಜೋರು ಬೇಡದ ಹೊತ್ತಿನಲ್ಲಿ, ಪೆಟ್ರೋಲ್ ಉಳಿಯಲೆಂದು ಎರಡು ಸಿಲಿಂಡರ್ ತಾವಾಗಿಯೇ ಸುಮ್ಮನಾಗುತ್ತವೆ. ಹಸಿರು ಗುರುತು ಅದರದೇ. ಕಾಲು ಒತ್ತಿದ ಕೂಡಲೇ ಅವೆರಡೂ ಎದ್ದು ಕೆಲಸಕ್ಕೆ ಬರಬೇಕು. ಅವನ್ನು ಮಲಗಿಸಿ ಎಬ್ಬಿಸುವುದು ಒಳಗಿರುವ ಸಣ್ಣ ಪಿನ್ನುಗಳು. ಆ ಪಿನ್ನು ಸರಿಯುವುದು ಇಂಜಿನ್ ಎಣ್ಣೆಯ ಒತ್ತಡದಿಂದ. ಪಿನ್ನು ಅರ್ಧಕ್ಕೆ ಸಿಕ್ಕಿಕೊಂಡರೆ ಸಿಲಿಂಡರು ಅತ್ತ ಮಲಗಲೂ ಇಲ್ಲ, ಇತ್ತ ಏಳಲೂ ಇಲ್ಲ. ಅದೇ ಮಿಸ್ಸಿಂಗ್. ಸ್ಕ್ಯಾನರ್ ಹಚ್ಚಿದಾಗ ಎರಡನೆಯದು, ಮೂರನೆಯದು ಎಂದೇ ತೋರಿಸಿತು. ಮಲಗುವವೂ ಅವೇ ಎರಡು.

ಶಾಕೀರ್ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಒರೆಸಿ ಮತ್ತೊಮ್ಮೆ ಅದ್ದಿ ನೋಡಿದ. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. "ಅಕ್ಕಾರ, ಇಂಜಿನ್ನಾಗ ಎಣ್ಣಿ ಕಡಿಮಿ ಆಗೂದು ನೋಡೀನಿ. ಹೆಚ್ಚಾಗೂದು ಇದ ಮೊದಲು." ಒಂದು ಹನಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ. "ಇದರಾಗ ಟ್ರ್ಯಾಕ್ಟರ್ ಎಣ್ಣಿ ಕೂಡೈತಿ. ಈ ಗಾಡಿಗೆ ನೀರಿನಂಗ ತೆಳ್ಳಂದ ಬೇಕು. ಇದು ಬೆಲ್ಲದ ಪಾಕ ಆಗೈತಿ. ಯಾರು ಹಾಕಿದ್ರು?"

"ನಮ್ಮ ಮನ್ಯಾಗ ಯಾರು ಹಾಕ್ತಾರ?" ಎಂದು ಮಹಾನಂದಾ ಸಿಡುಕಿದಳು. ಆ ಸರ್ವಿಸ್ ಸೆಂಟರಿನವರೇ ಹಾಕಿರಬೇಕು! ನಾಳೆಯೇ ಹೋಗಿ ಆ ಕಾರ್ಡಿನ ಹುಡುಗನ ಗ್ರಹಚಾರ ಬಿಡಿಸುತ್ತೇನೆಂದು ಮನಸ್ಸಿನಲ್ಲೇ ಬೈಗುಳ ಜೋಡಿಸುತ್ತ ಬಾನೆಟ್ಟಿನೊಳಗೆ ಬಗ್ಗಿದಳು.

ಬಗ್ಗಿದವಳು ಹಾಗೆಯೇ ನಿಂತಳು.

ಎಣ್ಣೆ ಹಾಕುವ ಕಪ್ಪು ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆಗಳಿದ್ದವು. ಮೇಲಿನದೂ ಕೆಳಗಿನದೂ ದಪ್ಪ. ನಡುವಿನದು ಇದ್ದೂ ಇಲ್ಲದಂತೆ. ಮೇವು ಕತ್ತರಿಸುವ ಮಷಿನ್ನಿಗೆ ನಡುಬೆರಳ ತುದಿ ಕೊಟ್ಟವಳು ಆ ಮನೆಯಲ್ಲಿ ಒಬ್ಬಳೇ. ಅಮಾವಾಸ್ಯೆಯ ದಿನ ಬಾನೆಟ್ ಎತ್ತಿಟ್ಟು ತಾನು ಕಾಯಿ ತರಲು ಒಳಗೆ ಹೋಗುವುದು, ಬರುವಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿರುವುದು, ಎಲ್ಲ ಕಣ್ಣ ಮುಂದೆ ಬಂತು. ಅಯ್ಯೋ ಅತ್ತಿ! ಕಡೆಯ ಸಲ ಎಣ್ಣೆ ಬದಲಿಸಿದ ಮೇಲೆ ಎಂಟು ಅಮಾವಾಸ್ಯೆ ಕಳೆದಿದ್ದವು.

ಸೆರಗಿನಿಂದ ಮುಚ್ಚಳವನ್ನು ಗಸಗಸ ಒರೆಸಿಬಿಟ್ಟಳು. ಶಾಕೀರ್ ನೋಡಿದ್ದ. ನೋಡಿಯೂ ಆ ಕಡೆ ತಿರುಗಿ ಪಾನಾ ಹುಡುಕತೊಡಗಿದ.

ಹಳೆಯ ಎಣ್ಣೆ ಬಸಿದಾಗ, ನಾಲ್ಕು ಲೀಟರ್ ಹಿಡಿಯುವ ಇಂಜಿನ್ನಿನಿಂದ ಐದಕ್ಕೂ ಮೇಲೆ ಬಂತು. ಪಿನ್ನುಗಳಿಗೆ ಎಣ್ಣೆ ಬಿಡುವ ವಾಲ್ವ್ ಬಿಚ್ಚಿದರೆ ಅದರ ಸಣ್ಣ ಜಾಳಿಗೆಗೆ ಕರಿ ಮಡ್ಡಿ ಮೆತ್ತಿಕೊಂಡಿತ್ತು. ಶಾಕೀರ್ ಅದನ್ನು ತೊಳೆದು, ಹೊಸ ಫಿಲ್ಟರ್ ಹಾಕಿ, ಎರಡು ದಿನ ಕಾದು ಹುಬ್ಬಳ್ಳಿಯಿಂದ ತರಿಸಿದ ತೆಳುವಾದ ಎಣ್ಣೆ ತುಂಬಿದ. ಮಹಾನಂದಾ ಖುಷಿಯಿಂದ ರಸ್ತೆಗಿಳಿದಳು. ಹಸಿರು ಗುರುತು ಬಂತು. ಗಾಡಿ ಜಗ್ಗಿತು.

ಆ ಸಂಜೆ ಮಡಿವಾಳೆಪ್ಪ ಅವಳಿಗೆ ಕೇಳುವಂತೆ ಫೋನು ಹಿಡಿದು ಸುಭಾಸನಿಗೆ "ಬಾರೋ, ಬಾ" ಎಂದು ಎರಡು ಸಲ ಹೇಳಿದ. ಮಹಾನಂದಾಳಿಗೆ ಅಳು ಬಂತು. ಎದ್ದು ಒಳಗೆ ಹೋದಳು. ಇವನ ಮುಂದೆ ಅಳುವುದಕ್ಕಿಂತ ಕಾರನ್ನು ಬಾವಿಗೆ ನೂಕುವುದು ವಾಸಿ.

"ಒಂದ ಸಲಕ್ಕ ಹೋಗೂದಿಲ್ರಿ ಇದು," ಎಂದ ಶಾಕೀರ್ ಮರುದಿನ. "ಒಳಗಿನ ಸಂದಿಯಾಗ ಮಡ್ಡಿ ಕುಂತೈತಿ. ಹೊಸಾ ಎಣ್ಣಿ ಅದನ್ನ ಮೆಲ್ಲಕ ಬಿಡಿಸಬೇಕು. ನಾಕೈದು ದಿನ ಗೇರ್ ಇಳಿಸಿ, ಅವೆರಡಕ್ಕ ಮಲಗಾಕ ಬಿಡದಂಗ ಹೊಡ್ಯಿರಿ. ಆಮ್ಯಾಲೆ ಮತ್ತ ಬಸೀತೀನಿ."

ಐದು ದಿನ ಅವಳು ಹಾಗೆಯೇ ಓಡಿಸಿದಳು. ರೊಟ್ಟಿಯ ಬುಟ್ಟಿಗಳೊಂದಿಗೆ ಹುಬ್ಬಳ್ಳಿಗೆ ಹೋಗಿ ಬಂದಳು, ರೊಟ್ಟಿ ಇಲ್ಲದ ದಿನವೂ ಹೋಗಿ ಬಂದಳು. ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಗಾಜು ಇಳಿಸಿ ಉತ್ತರ ಕೊಟ್ಟಳು. ಅಮಾವಾಸ್ಯೆಯ ಹಿಂದಿನ ದಿನ ಶಾಕೀರ್ ಎರಡನೆಯ ಸಲ ಎಣ್ಣೆ ಬಸಿದ. ಐದೇ ದಿನದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿ ಬಂತು. ಮತ್ತೆ ಹೊಸದು ತುಂಬಿ, ಅವನು ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕೂತ, ಅವಳು ಓಡಿಸಿದಳು. ಹಸಿರು ಗುರುತು ಬಂತು. ಹೋಯಿತು. ಮತ್ತೆ ಬಂತು. ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು.

"ಸೊನ್ನಿ," ಎಂದ ಶಾಕೀರ್ ಪರದೆ ತೋರಿಸಿ. "ಒಂದೂ ಮಿಸ್ ಇಲ್ಲ. ನಾ ರಿಪೇರಿ ಮಾಡಿದ್ದು ಹೌದು, ಆದ್ರ ರೋಗದ ಗುರುತು ಹಿಡದವ್ರು ನೀವ."

ಅಮಾವಾಸ್ಯೆಯ ಬೆಳಿಗ್ಗೆ ಅಂಗಳದಲ್ಲಿ ಮೂರೂ ಗಾಡಿ ತೊಳೆಸಿಕೊಂಡು ನಿಂತಿದ್ದವು. ಮಹಾನಂದಾ ಬಾನೆಟ್ ಎತ್ತಿಟ್ಟಳು. ಆದರೆ ಈ ಸಲ ಕಾಯಿ ಮೊದಲೇ ತಂದಿಟ್ಟುಕೊಂಡು ಅಲ್ಲಿಯೇ ನಿಂತಳು. ಸುಭಾಸ ಮೋಟರ್ ಸೈಕಲ್ಲಿನ ಮೇಲೆ ಬಂದಿಳಿದ. ಮಡಿವಾಳೆಪ್ಪ ಕೈ ಚಾಚಿದ. "ಚಾವಿ."

"ಗಾಡಿ ನೆಟ್ಟಗಾಗೈತಿ. ಹತ್ರಿ, ಹುಬ್ಬಳ್ಳಿ ರಸ್ತಾದಾಗ ತೋರಸ್ತೀನಿ."

ಮಡಿವಾಳೆಪ್ಪನ ಮುಖ ಗಂಟಾಯಿತು. "ಆಗಿದ್ರ ಏನು? ಇಷ್ಟ ದಿನ ಏನಾಗಿತ್ತು ಅದನ್ನ ಹೇಳು."

"ಟ್ರ್ಯಾಕ್ಟರ್ ಎಣ್ಣಿ ಬಿದ್ದಿತ್ತು."

"ಯಾರು ಹಾಕಿದ್ರು?"

ಅತ್ತೆ ಆರತಿ ತಟ್ಟೆ ಹಿಡಿದು ಆಚೆ ನಿಂತಿದ್ದಳು. ಮಹಾನಂದಾ ಆ ಕಡೆ ನೋಡಲಿಲ್ಲ. "ನಾನ ಹಾಕಿದ್ದೆ. ತಿಳೀಲಿಲ್ಲ."

"ಕೇಳಿದೇನೋ ಸುಭಾಸ!" ಮಡಿವಾಳೆಪ್ಪ ತೊಡೆ ತಟ್ಟಿಕೊಂಡು ನಕ್ಕ. "ನಾ ಹೇಳಲಿಲ್ಲ? ಯಾವ ಗಾಡಿಗೆ ಯಾವ ಎಣ್ಣಿ ಅನ್ನೂದು ಗೊತ್ತಿಲ್ಲ, ಸ್ಟೇರಿಂಗ್ ಬೇಕು ಇಕಿಗೆ! ಚಾವಿ ತಾ."

"ಏ ಮಡಿವಾಳಾ!"

ಆರತಿ ತಟ್ಟೆ ಟ್ರ್ಯಾಕ್ಟರಿನ ಮೇಲೆ ದಡ್ಡನೆ ಕೂತಿತು. ಅನ್ನವ್ವ ಕೋಲೂರಿಕೊಂಡು ಬಂದಳು. ಸೆರಗಿನಡಿಯಿಂದ ಒಂದು ಹಿತ್ತಾಳೆಯ ವಾಟಗಾ ಬಟ್ಟಲು ಹೊರತೆಗೆದು ಮಗನ ಮೂಗಿನ ಮುಂದೆ ಹಿಡಿದಳು. ಅದರಲ್ಲಿ ಟ್ರ್ಯಾಕ್ಟರ್ ಎಣ್ಣೆ ತುಂಬಿತ್ತು. ಈ ಅಮಾವಾಸ್ಯೆಯ ಪಾಲು.

"ಎಣ್ಣಿ ಹಾಕಿದಾಕಿ ನಾನು. ಅಕಿ ಸುಳ್ಳ ಹೇಳಾಕತ್ತಾಳ, ನನ್ನ ಮಾನ ಉಳಸಾಕ. ಅಮಾಸಿ ದಿನ ಎಣ್ಣಿ ಕಾಣದ ಗಾಲಿ ಈ ಮನಿ ಬಿಟ್ಟು ಹೋಗೂದಿಲ್ಲ, ಅದು ನಮ್ಮತ್ತಿ ಹಾಕಿದ ಪದ್ಧತಿ. ತಪ್ಪಾತು. ನನ್ನದ ತಪ್ಪು. ಏನ್ ಮಾಡ್ತಿ, ನನ್ನ ಮಾರ್ತೀಯೇನು?"

ಮಹಾನಂದಾ "ಅತ್ತೀ, ಬಿಡ್ರಿ" ಎಂದು ಕೈ ಹಿಡಿದಳು. ಮುದುಕಿ ಕೊಸರಿಕೊಂಡಳು.

"ಬಿಡೂದಿಲ್ಲ. ನಲವತ್ತು ವರ್ಷ ಈ ಮನಿ ಚಕ್ಕಡಿಯ ಅಚ್ಚಿಗೆ ಎಣ್ಣಿ ಹಚ್ಚೀನಿ ನಾನು. ಒಂದ ದಿನ, ಒಂದ ದಿನರ ಎತ್ತಿನ ಹಗ್ಗ ನನ್ನ ಕೈಯಾಗ ಕೊಟ್ನೇನು ನಿಮ್ಮಪ್ಪ? ಕೇಳಿದ್ದಕ್ಕ ಊರಮಂದಿ ಮುಂದ ನಕ್ಕ. ಈಗ ನೀ ನಕ್ಕಿ ನೋಡು, ಹಂಗ ನಕ್ಕ. ಹಿಂದ ಹುಲ್ಲಿನ ಮ್ಯಾಲೆ ಕುಂತ ಬಂದೀನಿ ಜೀವಮಾನ. ಮುಂದ ಕುಂಡ್ರಿಸಿದಾಕಿ ಇಕಿ ಒಬ್ಬಾಕಿ." ಕೋಲನ್ನು ನೆಲಕ್ಕೆ ಕುಟ್ಟಿದಳು. "ಗಾಡಿ ಕಾಗದ ತಗೊಂಡ ಬಾ. ಒಳಗ ಟ್ರಂಕಿನ್ಯಾಗ ಅದಾವು. ತಾ!"

ಸುಭಾಸ ಸದ್ದಿಲ್ಲದೆ ಮೋಟರ್ ಸೈಕಲ್ ತಿರುಗಿಸಿಕೊಂಡು ಹೋದ. ಯಾರೂ ಅವನನ್ನು ತಡೆಯಲಿಲ್ಲ.

ಅರ್ಧ ತಾಸಿನ ಮೇಲೆ ಬಿಳಿ ಕಾರು ಹುಬ್ಬಳ್ಳಿ ರಸ್ತೆಯಲ್ಲಿತ್ತು. ಮಹಾನಂದಾ ಓಡಿಸುತ್ತಿದ್ದಳು. ಪಕ್ಕದಲ್ಲಿ ಅನ್ನವ್ವ. ಹಿಂದೆ, ಖಾಲಿ ರೊಟ್ಟಿ ಬುಟ್ಟಿಗಳ ನಡುವೆ, ಗಾಡಿಯ ಕಾಗದಗಳ ಚೀಲ ಮಡಿಲಲ್ಲಿಟ್ಟುಕೊಂಡು ಮಡಿವಾಳೆಪ್ಪ. ಎಡಬಲಕ್ಕೆ ಕರಿಮಣ್ಣಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ಕಾಲು ಹಗುರ ಮಾಡಿದಳು, ಹಸಿರು ಗುರುತು ಬಂತು. ಗಾಡಿ ಜಗ್ಗಲಿಲ್ಲ.

"ಈಗ ಎರಡ ಮಲಗ್ಯಾವೇನು?" ಎಂದಳು ಅನ್ನವ್ವ.

"ಹೌದ್ರಿ ಅತ್ತಿ."

"ನೋಡಿದ್ಯಾ ಮಡಿವಾಳಾ?"

"ನೋಡಿದೆ," ಎಂದ ಮಡಿವಾಳೆಪ್ಪ. ಮಡಿಲಿನ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡ. "ಆತಲ್ಲ ಯವ್ವಾ, ಗಾಡಿ ನೆಟ್ಟಗ ಐತಿ, ನಾ ಒಪ್ಪಿದೆ. ಇಲ್ಲೇ ತಿರುಗಿಸಿ ಮನೀಗೆ ಹೋಗೂಣು. ಇವತ್ತ ಅಮಾಸಿ. ಅಮಾಸಿ ದಿನ ಕಾಗದದ ಮ್ಯಾಲಿನ ಹೆಸರು ಬದಲಸಬಾರದು."

ಅನ್ನವ್ವ ಹಿಂದೆ ತಿರುಗಿಯೂ ನೋಡಲಿಲ್ಲ. "ಮಾರಾಕ ಅಮಾಸಿ ನಡೀತಿತ್ತು. ಕೊಡಾಕ ನಡ್ಯೂದಿಲ್ಲೇನು?" ಎಂದು, ತುದಿ ಇಲ್ಲದ ಬೆರಳನ್ನು ರಸ್ತೆಯ ಕಡೆ ಚಾಚಿದಳು. "ಹೊಡೀ ಯವ್ವಾ ಮಾನಂದಾ. ಆರ್‌ಟಿಓ ಆಫೀಸು ಬರೂತನಾ ನಿಲ್ಲಸಬ್ಯಾಡ."

ಮಹಾನಂದಾ ಕಾಲು ಒತ್ತಿದಳು. ಮಲಗಿದ್ದ ಎರಡೂ ಎದ್ದವು, ನಾಲ್ಕೂ ಸೇರಿ ಎಳೆದವು.