ಕಿವಿಯ ಹತ್ತಿ

ಮೆಟ್ರೋ ಹೋಯಿತು, ಕಿವಿಗಲ್ಲ, ಬೆನ್ನಿಗೆ ಗೊತ್ತಾಯಿತು, ಮಂಚ ಸಣ್ಣಗೆ ನಡುಗಿತು, ಕಿವಿಯೊಳಗೆ ಅಮ್ಮ ತುರುಕಿದ ಹತ್ತಿ, ಅದರ ಮೇಲೆ ಸ್ಕಾರ್ಫು, ರಾಜಾಜಿನಗರದ ಸದ್ದೆಲ್ಲ ಹೊರಗೆ, ಒಳಗೆ ನಾನು, ಸಾಂಬ್ರಾಣಿ ಹೊಗೆ, ಬೆವರು — ಬಾಣಂತಿ ಕಿವಿಗೆ ಗಾಳಿ ಹೋಗ್ಬಾರ್ದು ಕಣೇ, ನೀರು ಜಾಸ್ತಿ ಕುಡೀಬೇಡ, ಹೊಟ್ಟೆ ಬರುತ್ತೆ, ಹೂಂ ಅಮ್ಮ, ಹೂಂ, ವಾದ ಮಾಡಲು ತ್ರಾಣವೆಲ್ಲಿ. ಎದೆ ಕಲ್ಲಾಗಿದೆ, ಮುಟ್ಟಿದರೆ ಜೀವ ಹೋಗುತ್ತದೆ, ಹಾಲು ಮಾತ್ರ ಇಳಿಯುತ್ತಿಲ್ಲ, ಅಮ್ಮ ಅಂದಿದ್ದಳು, ಸಾಯಂಕಾಲದವರೆಗೂ ನೋಡೋಣ ಸಿಂಚು, ಇಲ್ದಿದ್ರೆ ಪೌಡರ್ ಹಾಲೇ ಗತಿ, ನೀನು ನಿದ್ದೆ ಮಾಡು, ಪಾಪೂನ ನಾನು ನೋಡ್ಕೋತೀನಿ — ಪಾಪು ಹಾಲಿನಲ್ಲಿ, ಹಾಲು ಇಲ್ಲಿ, ನಡುವೆ ಮುಚ್ಚಿದ ಬಾಗಿಲು, ನಗು ಬರಬೇಕಿತ್ತು, ಬರಲಿಲ್ಲ. ಲ್ಯಾಬಿನಲ್ಲಿ ನನ್ನ ಕೆಲಸವೇ ಹರಿವನ್ನು ಅಳೆಯುವುದು, ಬ್ಯಾಕ್ಟೀರಿಯಾ ಕಿಕ್ಕಿರಿದ ಹನಿ, ಅಗಲ ಜಾಗ ಕೊಟ್ಟರೆ ಸುಳಿ ಮೇಲೆ ಸುಳಿ, ಬರೀ ಗಲಾಟೆ, ಕೂದಲೆಳೆಯಷ್ಟು ಇಕ್ಕಟ್ಟಿನ ಉಂಗುರದೊಳಗೆ ಬಿಟ್ಟರೆ ಯಾರೂ ತಳ್ಳದೆ ಎಲ್ಲವೂ ಒಂದೇ ದಿಕ್ಕಿಗೆ ಹರಿಯುತ್ತವೆ, ಹರಿವಿಗೆ ದಾರಿ ತೋರಿಸುವುದೇ ಗೋಡೆ ಎಂದಿದ್ದೆ ಸೆಮಿನಾರಿನಲ್ಲಿ, ಚಪ್ಪಾಳೆ ಬೇರೆ. ಈ ಕೋಣೆಗೂ ಗೋಡೆಗಳಿವೆಯಲ್ಲ, ಮಹಾ ಪಂಡಿತೆ, ಹರಿಸು ನೋಡೋಣ.

ಆಸ್ಪತ್ರೆಯ ನರ್ಸ್ ಹೇಳಿದ್ದಳು, ಪಕ್ಕದಲ್ಲೇ ಮಲಗಿಸ್ಕೊಳ್ಳಿ ಮೇಡಂ, ಪಾಪು ಅಳೋದು ಕೇಳಿದ್ರೆ ಹಾಲು ತಾನೇ ಇಳಿಯುತ್ತೆ, ಕೇಳಿದ್ರೆ — ಕೇಳಿದರೆ ತಾನೆ, ಎಂಥ ಪೆದ್ದಿ ನಾನು, ಸ್ಕಾರ್ಫು ಸರಿಸಿ ಹತ್ತಿ ಎಳೆದೆ, ಮೊದಲು ಕುಕ್ಕರ್ ಸೀಟಿ, ಸೊಪ್ಪಿನವನ ಕೂಗು, ಆಮೇಲೆ ಅದು, ತೆಳ್ಳಗೆ, ಹರಿದ ದನಿಯಲ್ಲಿ, ನನ್ನ ಪಾಪು, ಎಷ್ಟು ಹೊತ್ತಿನಿಂದ ಅಳುತ್ತಿತ್ತೋ — ಎದೆಯೊಳಗೆ ಸೂಜಿ ಚುಚ್ಚಿದ ಹಾಗೆ ಜುಂ ಎಂದಿತು, ಬಿಸಿ, ಒದ್ದೆ, ಇಳಿಯಿತು, ಅಯ್ಯೋ ಇಳಿಯಿತು, ಎದ್ದೆ, ಹೊಲಿಗೆ ಜಗ್ಗಿತು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅಳು ನಿಂತಿತು. ಅಮ್ಮನ ಮಡಿಲಲ್ಲಿ ಪಾಪು, ಬಾಯಲ್ಲಿ ಬಾಟಲಿ, ಅಮ್ಮನ ಮುಖದಲ್ಲಿ ಎರಡು ದಿನದ ಮೇಲೆ ನಗು. ಯಾಕೆ ಎದ್ದು ಬಂದೆ, ಹತ್ತಿ ಯಾಕೆ ತೆಗೆದೆ, ಸಾಯಂಕಾಲದ ತನಕ ತಡೆಯೋಕಾಗ್ಲಿಲ್ಲ ಕಣೇ, ನೋಡು ಹೇಗೆ ಕುಡೀತಿದೆ. ಹಾಲು ಬಂತಮ್ಮ. ಆಂ? ಬಂತಾ? ಸದ್ಯ, ಆದ್ರೆ ಪಾಪು ಕುಡೀತಾ ಕುಡೀತಾನೇ ನಿದ್ದೆ ಹೋಯ್ತಲ್ಲೇ, ಎದ್ದ ಮೇಲೆ ಕುಡಿಸು, ಹೋಗಿ ಮಲಕ್ಕೋ. ಮಲಗಬೇಕು, ಮಲಗುತ್ತೇನೆ, ನೈಟಿ ತೊಯ್ದು ಹೊಟ್ಟೆಗೆ ಅಂಟಿದೆ, ಇನ್ನೂ ಇಳಿಯುತ್ತಿದೆ, ಒರೆಸಿಕೊಳ್ಳಲು ಕೈಯಲ್ಲಿ ಬೇರೇನೂ ಇಲ್ಲ, ಕಿವಿಯ ಹತ್ತಿ, ಅದನ್ನೇ ಒತ್ತಿದೆ, ಹತ್ತಿ ಕುಡಿಯಿತು, ನನ್ನ ಹಾಲು ಮೊದಲು ಕುಡಿದದ್ದು ಹತ್ತಿ, ಹತ್ತಿ