ರಕ್ಷೆ ಕೊರೆದ ಶಾಫ್ಟು

ನಮ್ಮ ದೋಣಿಯ ಎಂಜಿನ್ನಿನಿಂದ ನೀರಿನೊಳಗಿನ ಪಂಖದವರೆಗೂ ಬಾಲದಂತೆ ಚಾಚಿಕೊಂಡಿರುವ ಉದ್ದನೆಯ ಉಕ್ಕಿನ ಶಾಫ್ಟು ಎರಡನೇ ಸಲ ಮುರಿದಾಗ ಅಪ್ಪ ಪ್ರವಾಸಿಗರನ್ನು ಕೂರಿಸಿಕೊಂಡು ಕ್ರಾಬಿಯ ಕಡಲ ನಡುವೆ ತೇಲುತ್ತಿದ್ದರು.

"ಇನ್ನೊಂದ್ಸಲ ಮುರೀಲಿ, ದೋಣೀನೇ ಮಾರ್ಬಿಡ್ತೀನಿ" ಎಂದರು.

ಅಪ್ಪ ಮಾರಿಯೇಬಿಡುವ ಮನುಷ್ಯ. ಹೊಸ ಶಾಫ್ಟು ಬಂದ ದಿನ ನಾನು ಕಾಲೇಜಿನಿಂದ ಸೀದಾ ಕಮ್ಮಾರ ಥಾವೊನ್ ಮಾವನ ಶೆಡ್ಡಿಗೆ ಓಡಿದೆ. ಮಾವ ಆಗಲೇ ಉಳಿ ಹಿಡಿದು ಒಂದು ಗೆರೆ ಗೀರಿದ್ದರು. ಭಿಕ್ಷುಗಳು ಬರೆದುಕೊಟ್ಟ ರಕ್ಷೆಯ ಅಕ್ಷರವನ್ನು ಶಾಫ್ಟಿನ ಮೇಲೆ ಕೊರೆಸುವುದು ಅಪ್ಪನ ಪದ್ಧತಿ. ಮೊದಲನೆಯದು ಎರಡು ವರ್ಷ ಬಾಳಿತ್ತು. ರಕ್ಷೆ ಸಾಲಲಿಲ್ಲವೇನೋ ಎಂದು ಎರಡನೆಯದಕ್ಕೆ ಇನ್ನೂ ಆಳವಾಗಿ ಕೊರೆಸಿದರು. ಅದು ವರ್ಷವೂ ಬರಲಿಲ್ಲ.

"ನಿಲ್ಸಿ ಮಾವ! ಅಲ್ಲೇ ಮುರೀತಿರೋದು!"

"ಬಂದ್ಲಪ್ಪ ಇಂಜಿನಿಯರಮ್ಮ!" ಮಾವ ನಕ್ಕರು. "ಎರಡು ವರ್ಷ ಓದಿದ್ದಕ್ಕೆ ದೇವರಿಗೇ ಪಾಠ ಮಾಡ್ತಾಳೆ."

ಮೂಲೆಯಲ್ಲಿ ಬಿದ್ದಿದ್ದ ಹಳೆ ಶಾಫ್ಟಿನ ಮುರಿದ ತುಂಡನ್ನು ಪಕ್ಕದಲ್ಲೇ ನಿಂತಿದ್ದ ಅಪ್ಪನ ಕೈಗಿಟ್ಟೆ. ಮುರಿದ ಮುಖದ ಮೇಲೆ ಕಪ್ಪೆಚಿಪ್ಪಿನಂಥ ಗೆರೆಗಳಿದ್ದವು. ಎಲ್ಲ ಗೆರೆಗಳೂ ಅಕ್ಷರದ ಒಂದು ಮೂಲೆಯಿಂದಲೇ ಹರಡಿದ್ದವು.

"ಒಂದೇ ದಿನ ಮುರಿದಿದ್ದಲ್ಲ ಅಪ್ಪ. ಶಾಫ್ಟು ತಿರುಗಿದಾಗೆಲ್ಲ ಬಾಗ್ತಾ ಬಾಗ್ತಾ, ಈ ಮೂಲೆಯಿಂದ ಬಿರುಕು ತೆವಳ್ಕೊಂಡು ಬಂದಿದೆ."

"ಇಷ್ಟು ದಪ್ಪ ಉಕ್ಕಿಗೆ ಇಷ್ಟೇ ಇಷ್ಟು ಗೀರು ಏನ್ ಮಾಡುತ್ತೆ?"

ನೂಡಲ್ಸಿನ ಜೊತೆ ಕೊಟ್ಟಿದ್ದ ಖಾರದ ಪುಡಿಯ ಪೊಟ್ಟಣ ನನ್ನ ಜೇಬಿನಲ್ಲಿತ್ತು. ಅಪ್ಪನಿಗೆ ಕೊಟ್ಟೆ. "ಹರೀರಿ. ಕಚ್ಚು ಇರೋ ಕಡೆ ಬೇಡ, ನುಣ್ಣಗಿರೋ ಕಡೆಯಿಂದ."

ಅಪ್ಪ ಎಳೆದರು, ಜಗ್ಗಿದರು, ಮಾವ ನೋಡುತ್ತಿದ್ದಾರೆಂದು ಹಲ್ಲನ್ನೂ ಹಾಕಿದರು. ಆಗಲಿಲ್ಲ. ಕಚ್ಚು ಇದ್ದ ಕಡೆ ನಾನು ಎರಡು ಬೆರಳಲ್ಲಿ ಎಳೆದೆ. ಪುಡಿಯೆಲ್ಲ ಮಾವನ ಅಂಗಿಯ ಮೇಲೆ!

ಮಾವ ಸೀನುತ್ತಿದ್ದರೆ ಅಪ್ಪ ಪೊಟ್ಟಣದ ಕಚ್ಚನ್ನೂ ಮುರಿದ ತುಂಡಿನ ಅಕ್ಷರದ ಮೂಲೆಯನ್ನೂ ಬೆರಳಿಂದ ಸವರಿ ನೋಡಿದರು.

"ಸರಿ. ಆದ್ರೆ ರಕ್ಷೆ ಇಲ್ದೆ ನೀರಿಗಿಳೀಲಾ?"

"ದೋಣಿ ಕಾಯೋ ದೇವಿ ಅಮ್ಮ ಎಲ್ಲಿರ್ತಾಳಪ್ಪ? ಮುಂದೆ, ಮೂತೀಲಿ. ಹೂವು, ಬಟ್ಟೆ ಎಲ್ಲ ಅಲ್ಲೇ ಕಟ್ತೀರಿ. ರಕ್ಷೆ ಅಕ್ಷರ ಮಾತ್ರ ಬಾಲಕ್ಕೆ ಯಾಕೆ?"

ಅಪ್ಪ ಮಾವನ ಕೈಯಿಂದ ಉಳಿ ಕಿತ್ತುಕೊಂಡರು. "ಉಪ್ಪುಕಾಗದ ಕೊಡೋ." ನನ್ನ ಕಡೆ ತಿರುಗಿದರು. "ಎಷ್ಟು ನುಣ್ಣಗಾಗ್ಬೇಕೇ?"

"ನಿಮ್ಮ ಬೋಳುತಲೆಯಷ್ಟು."

ಅಕ್ಷರ ಈಗ ಮೂತಿಯ ಮೇಲೆ ಹಳದಿ ಬಣ್ಣದಲ್ಲಿದೆ. ಶಾಫ್ಟಿಗೆ ಮೂರನೇ ವರ್ಷ ನಡೆಯುತ್ತಿದೆ. ಕೊಳ್ಳುತ್ತೇನೆಂದು ಬಂದವನೊಬ್ಬನಿಗೆ ಅಪ್ಪ ಮೊನ್ನೆ ಹೇಳಿ ಕಳಿಸಿದರು: "ಮಾರಲ್ಲ ಹೋಗಯ್ಯ. ಮಗಳು ಉಳಿಸಿದ ದೋಣಿ."