ಮೊಣಕೈಯ ತನಕ

ನೊರೆ ಮತ್ತೆ ಇಳಿಯಿತು, ಎಷ್ಟು ಕಿವುಚಿದರೂ ಅಂಟವಾಳದ ನೊರೆ ಬಕೆಟ್ಟಿನಲ್ಲಿ ನಿಲ್ಲುವುದೇ ಇಲ್ಲ, ಬಿಳಿ ಕೋಟಿನ ತೋಳಿನ ಮೇಲೆ ನಿನ್ನೆಯ ಸಾರಿನ ಅರಿಶಿನ ಹಾಗೇ ಕೂತಿದೆ, ಗೋವಾದ ವೆರ್ಣಾದ ಔಷಧ ಫ್ಯಾಕ್ಟರಿಯಲ್ಲಿ ಇನ್ನೊಮ್ಮೆ ಕಲೆ ಕಂಡರೆ ಗೇಟಿನಿಂದಲೇ ವಾಪಸ್ ಅಂದಿದ್ದಾನೆ ಸೂಪರ್‌ವೈಜರ್, ಎಲ್ಲರೆದುರು ಅಂದಿದ್ದಾನೆ — ಮೃಣಾಲಿನಿ ಮತ್ತೆ ತಿಕ್ಕಿದಳು, ಬೆರಳ ಸಂದಿ ಚುರ್ ಎಂದಿತು, ಇದು ಪಾತ್ರೆ ತಿಕ್ಕುವ ಬೂದಿಯ ಉರಿ, ಪಾವ್ ಬ್ರೆಡ್ ಸುಡುವ ಬೇಕರಿಯಿಂದ ಬೂದಿ ಹೊತ್ತು ತಂದದ್ದು ಗಂಡ ಮಿಲಿಂದ, ಜರಡಿ ಹಿಡಿಯುವುದು ಇವಳು, ಪರಿಸರ ಉಳಿಸಬೇಕೆಂದು ವಾಷಿಂಗ್ ಮಷೀನ್ ಮಾರಿದ್ದು ಅವನು, ಒಗೆಯುವುದು ಇವಳು, ಧಾರವಾಡದಲ್ಲಿ ಅವ್ವನೂ ರೇಷ್ಮೆ ಸೀರೆಗೆ ಅಂಟವಾಳವನ್ನೇ ನೆನೆಹಾಕುತ್ತಿದ್ದಳು, ಆದರೆ ಅವ್ವನಿಗೆ ಹಿಡಿಯಲು ಕಂಪನಿ ಬಸ್ಸು ಇರಲಿಲ್ಲ, ತಡೀ, ನೀರು ಚೆಲ್ಲಬ್ಯಾಡ, ಗಿಡಕ್ಕ ಬೇಕು, ಅನ್ನುತ್ತ ಮಿಲಿಂದ ಬಚ್ಚಲ ಬಾಗಿಲಲ್ಲಿ ಮೊಬೈಲ್ ಹಿಡಿದು ವಿಡಿಯೊ ತೆಗೆಯುತ್ತ ನಿಂತಿದ್ದಾನೆ, ಕೈ ಈ ಕಡಿ ತೊಗೊ, ನೊರಿ ಕಾಣಲಿ, ಬಸ್ ಬರೂ ಹೊತ್ತಾತ್ರಿ, ಅಂದಳು ಅವಳು, ನೀವರ ಇದನ್ನ ಹಿಂಡ್ರಿ, ಒಂದೀಟು ತಡೀ ಮೃಣಾಲ್, ಸೊಸೈಟಿ ಗ್ರೂಪಿನಾಗ ಎಲ್ಲಾರೂ ವಿಡಿಯೊಕ್ಕ ಕಾಯಾಕತ್ತಾರ, ಹೌದು, ಎಲ್ಲರೂ ಕಾಯುತ್ತಾರೆ, ಬಸ್ಸೊಂದು ಕಾಯುವುದಿಲ್ಲ — ಅವಳು ತಾನೇ ಹಿಂಡಿ, ಒದ್ದೆ ಕೋಟನ್ನೇ ತೊಟ್ಟು, ಮೆಟ್ಟಿಲಿಳಿದು ಓಡಿದಳು, ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು, ತೋಳು ಮೈಗೆ ತಣ್ಣಗೆ ಅಂಟಿಕೊಂಡಿದೆ, ಕಲೆ ತೆಳುವಾಗಿದೆಯೇ ಅಗಲವಾಗಿದೆಯೇ ತಿಳಿಯದು, ಈ ಮಳೆಗಾಲದಲ್ಲಿ ಗೇಟು ಬರುವುದರೊಳಗೆ ಒಣಗುವಂತೆಯೂ ಇಲ್ಲ, ಪಕ್ಕದಲ್ಲಿ ಅಖ್ತರಬಾನು, ಕೆಳಗಿನ ಮನೆಯವಳು, ಪ್ಯಾಕಿಂಗ್ ವಿಭಾಗದವಳು, ಮೊಬೈಲ್ ಮುಂದೆ ಚಾಚುತ್ತಾಳೆ, ನೋಡ್ರಿ ಅಕ್ಕಾರ, ಈಗ ಹಾಕ್ಯಾರ, ವಿಡಿಯೊದಲ್ಲಿ ಮಿಲಿಂದನ ದನಿ, ಸಭೆಯಲ್ಲಿ ಮಾತಾಡುವಾಗಿನ ದನಿ, ನಮ್ಮ ಮನ್ಯಾಗ ನಾವು ಸೋಪಿನ ಪುಡಿ ಬಿಟ್ಟು ವರ್ಷಾತು, ತ್ರಾಸ ಏನೂ ಇಲ್ಲ, ಮನಸ್ಸು ಬೇಕು ಅಷ್ಟ — ನಾವು, ಯಾವ ನಾವು, ತ್ರಾಸ ಇಲ್ಲವಂತೆ, ಯಾರಿಗೆ ಇಲ್ಲ — ಭಾಳ ಚಲೋ ಮನಷ್ಯಾರ್ರಿ ನಿಮ್ಮವರು, ಅರಿವಿ ಸುದ್ದಾ ಒಗೀತಾರ, ನಮ್ಮವರಿಗೆ ತೋರಸ್ತೇನಿ ಇದನ್ನ, ಅಂದಳು ಅಖ್ತರಬಾನು, ಆ ಕೈ ನಂದು, ಅಂದಳು ಮೃಣಾಲಿನಿ, ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು, ಮುಂದಿನ ಸೀಟಿನವರು ತಿರುಗಿದರು, ಅಖ್ತರಬಾನು ಮೊಬೈಲ್ ನೋಡಿದಳು, ಮೃಣಾಲಿನಿಯ ಮಡಿಲಲ್ಲಿದ್ದ ಕೈಗಳ ಕಡೆ ನೋಡಿದಳು, ತಿರುವಿನಲ್ಲಿ ನೆಟ್‌ವರ್ಕ್ ಹೋಯಿತು, ವಿಡಿಯೊ ನಿಂತುಬಿಟ್ಟಿತು, ನೊರೆಯಲ್ಲಿ ಎರಡು ಕೈ, ಕೆಂಪಗಿನ ಎರಡು ಕೈ, ಮೊಣಕೈಯಿಂದಾಚೆ ಯಾರೂ ಇಲ್ಲ